ರಿಪ್ಕನ್ ಆಡಿದ್ದು ತಂಡಕ್ಕೋ, ತನ್ನ ಹೆಸರಿಗೋ?

ಬೇಸ್‌ಬಾಲ್ ಬಗ್ಗೆ ಬರೆಯಲು ಶುರುಮಾಡಿದಾಗಿನಿಂದ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಕ್ಯಾಲ್ ರಿಪ್ಕನ್ ಜೂನಿಯರ್ ಹದಿನಾರು ವರ್ಷ ಒಂದೂ ಪಂದ್ಯ ಬಿಡದೆ ಆಡಿದರಲ್ಲ, ಅದು ತಂಡಕ್ಕಾಗಿಯೋ, ತನ್ನ ಹೆಸರಿಗಾಗಿಯೋ?’

ಅನುಮಾನ ನ್ಯಾಯವಾದದ್ದೇ. 1982ರ ಮೇ 30ರಿಂದ 1998ರ ಸೆಪ್ಟೆಂಬರ್‌ವರೆಗೆ ಅಮೆರಿಕದ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಪರವಾಗಿ ಸತತ 2,632 ಪಂದ್ಯ. ಋತುವಿಗೆ 162 ಪಂದ್ಯ, ಅದೂ ಸುಮಾರು ಆರು ತಿಂಗಳೊಳಗೆ. ಬ್ಯಾಟು ಸಪ್ಪೆಯಾದಾಗಲೆಲ್ಲ ‘ಒಂದು ದಿನ ಸುಮ್ಮನೆ ಕೂರಬಾರದೇ’ ಎಂದವರು ಅಮೆರಿಕದಲ್ಲೂ ಬೇಕಾದಷ್ಟು ಜನ ಇದ್ದರು.

ಅಂಥವರಿಗೆ ನಾನು ತೋರಿಸುವುದು 1990ನೇ ಇಸವಿಯನ್ನು. ಆ ವರ್ಷ ಅವರ ಬ್ಯಾಟಿಂಗ್ ಸರಾಸರಿ .250, ಅಂದರೆ ನಾಲ್ಕು ಅವಕಾಶಕ್ಕೆ ಒಂದು ಹಿಟ್, ಹೇಳಿಕೊಳ್ಳುವಂಥದ್ದಲ್ಲ. ಆದರೆ ಅವರು ನಿಲ್ಲುತ್ತಿದ್ದದ್ದು ಶಾರ್ಟ್‌ಸ್ಟಾಪ್‌ನಲ್ಲಿ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಆ ಜಾಗದಲ್ಲಿ ಚೆಂಡಿಗೆ ಬಿಡುವೇ ಇಲ್ಲ. ಅಲ್ಲಿ ವರ್ಷವಿಡೀ ಅವರು ಮಾಡಿದ ತಪ್ಪು ಮೂರೇ ಮೂರು. ಚೆಂಡೆಸೆಯುವ ಪಿಚರ್‌ಗೆ ಬೆನ್ನ ಹಿಂದೆ ಇಂಥವನೊಬ್ಬ ಇದ್ದಾನೆ ಎಂಬ ಧೈರ್ಯ ಎಷ್ಟು ದೊಡ್ಡದು ಎಂಬುದು ರನ್ನಿನ ಲೆಕ್ಕದಲ್ಲಿ ಕಾಣುವುದಿಲ್ಲ. (ಮರುವರ್ಷ .323 ಹೊಡೆದು ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದರು. ‘ಕೂರಬಾರದೇ’ ಎಂದವರು ಆಗ ಎಲ್ಲಿದ್ದರೋ!)

ಮನೆಯ ಕತೆ ಬಿಟ್ಟು ಈ ಮನುಷ್ಯನನ್ನು ಅಳೆಯಲಾಗದು. ಅಪ್ಪ ಕ್ಯಾಲ್ ಸೀನಿಯರ್ ಅದೇ ಓರಿಯೋಲ್ಸ್‌ನಲ್ಲಿ ಮೂರು ದಶಕಕ್ಕೂ ಹೆಚ್ಚು ದುಡಿದವರು. 1987ರಲ್ಲಿ ಅವರೇ ಮ್ಯಾನೇಜರ್. ದಿನದಿನದ ಆಟಗಾರರ ಪಟ್ಟಿ ಬರೆಯುವವರು. ಒಬ್ಬ ಮಗ ಶಾರ್ಟ್‌ಸ್ಟಾಪ್‌ನಲ್ಲಿ, ಇನ್ನೊಬ್ಬ ಮಗ ಬಿಲಿ ಸೆಕೆಂಡ್ ಬೇಸ್‌ನಲ್ಲಿ. ಸತತ 8,243 ಇನ್ನಿಂಗ್ಸ್ (ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಮೈದಾನ ಬಿಡದಿದ್ದ ಹಿರಿಮಗನನ್ನು ಆ ಸೆಪ್ಟೆಂಬರ್‌ನಲ್ಲಿ ಪಂದ್ಯದ ನಡುವೆ ಒಳಗೆ ಕರೆದು ಕೂರಿಸಿದ್ದು ಆ ಅಪ್ಪನೇ. ಮರುವರ್ಷ ಮೊದಲ ಆರು ಪಂದ್ಯ ಸೋತದ್ದೇ ತಡ, ಅಪ್ಪನ ಕೆಲಸ ಹೋಯಿತು. ತಂಡ ಸೋಲುತ್ತಲೇ ಹೋಗಿ ಸತತ 21 ಸೋಲಿಗೆ ಮುಟ್ಟಿತು. ಅಪ್ಪನನ್ನು ಹೊರಗೆ ಹಾಕಿದ ತಂಡಕ್ಕೆ ಮಕ್ಕಳಿಬ್ಬರೂ ಆಡುತ್ತಲೇ ಇದ್ದರು. ಬಿಲಿ ಮಾತ್ರ ತನ್ನ ಅಂಗಿ ಬದಲಿಸಿ ಅಪ್ಪನ 7ನೇ ನಂಬರ್ ತೊಟ್ಟರು.

2001ರಲ್ಲಿ ನಿವೃತ್ತರಾದ ಮೇಲೂ ಕ್ಯಾಲ್ ಹೇಳುತ್ತ ಬಂದದ್ದು ಅಪ್ಪ ಕಲಿಸಿದ ಪಾಠವನ್ನೇ: ಆಡಲು ಸಿದ್ಧನಾಗಿ ಬರುವುದು ಆಟಗಾರನ ಕೆಲಸ, ಆಡಿಸುವುದು ಬಿಡುವುದು ಮ್ಯಾನೇಜರ್‌ಗೆ ಸೇರಿದ್ದು. ನಾನಿದನ್ನು ಮುಕ್ಕಾಲುಪಾಲು ಒಪ್ಪುತ್ತೇನೆ. ಉಳಿದ ಕಾಲುಪಾಲಿನಲ್ಲಿ ಪ್ರಶ್ನೆ ಕೇಳುವವರ ಮಾತೇ ಸರಿ. 1995ರ ಸೆಪ್ಟೆಂಬರ್ 6ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಹಳೆಯ ಆಟಗಾರ ಲೂ ಗೆಹ್ರಿಗ್ ಅವರ ಸತತ 2,130 ಪಂದ್ಯಗಳ ದಾಖಲೆ ಮುರಿದಾಗ ಚಪ್ಪಾಳೆಗೆ ಆಟವೇ 22 ನಿಮಿಷ ನಿಂತಿತು. ಕ್ಯಾಲ್ ತೊಟ್ಟಿದ್ದ ಅಂಗಿ ಬಿಚ್ಚಿ ಹೆಂಡತಿ ಮಕ್ಕಳಿಗೆ ಕೊಟ್ಟರು, ಜೊತೆ ಆಟಗಾರರು ನೂಕಿದ ಮೇಲೆ ಮೈದಾನ ಸುತ್ತಿದರು. ಇಷ್ಟಾದ ಮೇಲೆ ಯಾವ ಮ್ಯಾನೇಜರ್‌ಗೆ ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವ ಎದೆ ಬಂದೀತು?

ಅದನ್ನು ಅವರೇ ಮಾಡಬೇಕಾಯಿತು. 1998ರ ಸೆಪ್ಟೆಂಬರ್ 20, ತವರಿನಲ್ಲಿ ಆ ಋತುವಿನ ಕೊನೆಯ ಪಂದ್ಯ, ಎದುರಾಳಿ ಯಾಂಕೀಸ್. ಆಟಕ್ಕೆ ಸ್ವಲ್ಪ ಮುಂಚೆ ತಾವಾಗಿಯೇ ಮ್ಯಾನೇಜರ್ ಬಳಿ ಹೋಗಿ ಇವತ್ತು ನಾನು ಬೇಡ ಎಂದರು. ಅವರ ಬದಲಿಗೆ ಮ್ಯಾನೇಜರ್ ಕಳಿಸಿದ್ದು ರಯಾನ್ ಮೈನರ್ ಎಂಬ ಹೊಸ ಹುಡುಗನನ್ನು. ಯಾರೋ ತಮಾಷೆ ಮಾಡುತ್ತಿದ್ದಾರೆಂದುಕೊಂಡ ಅವನು, ಇದು ಕ್ಯಾಲ್‌ಗೆ ಗೊತ್ತೇ ಎಂದು ಕೇಳಿದನಂತೆ.