ತೋಟದ ಊಟಕ್ಕೆ ಬಿಳಿ ವೈನ್: ಮೂರು ಭಾನುವಾರ ಆಯಿತು

ದೊಡ್ಡಬಳ್ಳಾಪುರದ ಹತ್ತಿರ ಭಾವನ ತೋಟ ಇದೆ. ಈ ಬೇಸಿಗೆಯಲ್ಲಿ ಅಲ್ಲಿ ಮಾವಿನ ಮರದ ಕೆಳಗೆ ಊಟಕ್ಕೆ ಕೂತಾಗಲೆಲ್ಲ ಒಂದು ಬಾಟಲಿ ಬಿಳಿ ವೈನ್ ತೆರೆದು, ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ಬರೆದಿಡುತ್ತಿದ್ದೇನೆ. ಬೆಲೆ ಸಾವಿರ ರೂಪಾಯಿ ದಾಟಬಾರದು, ಅಡುಗೆ ಮನೆಯದೇ ಆಗಬೇಕು. ನಂದಿ ಬೆಟ್ಟದ ತಪ್ಪಲಲ್ಲೇ ಗ್ರೋವರ್ ಅವರ ದ್ರಾಕ್ಷಿ ತೋಟ ಇರುವಾಗ ಫ್ರಾನ್ಸಿನ ಬಾಟಲಿ ಯಾಕೆ? ಇಲ್ಲಿನದು, ಇಲ್ಲದಿದ್ದರೆ ನಾಸಿಕದ್ದು.

ಮೊದಲ ಭಾನುವಾರ ಸಾವಿನ್ಯೊ ಬ್ಲಾಂ. ನಿಪ್ಪಟ್ಟು, ಹುರಿದ ಕಡಲೇಕಾಯಿ ಜೊತೆ ತುಂಬಾ ಚೆನ್ನಾಗಿತ್ತು. ಬಾಯಲ್ಲಿ ಉಪ್ಪಿದ್ದರೆ ವೈನಿನ ಹುಳಿ ಮೆತ್ತಗಾಗುತ್ತದೆ, ಆ ಹುಳಿ ಎಣ್ಣೆಯ ಜಿಡ್ಡನ್ನು ತೊಳೆಯುತ್ತದೆ. ಈ ವೈನಿಗೆ ದೊಣ್ಣೆಮೆಣಸಿನಕಾಯಿಯ ಹಸಿ ಘಮ ಬರುವುದು ಸುಮ್ನೆ ಅಲ್ಲ, ಎರಡರಲ್ಲೂ ಪೈರಜೀನ್ ಎಂಬ ಒಂದೇ ಜಾತಿಯ ವಸ್ತು ಇರುತ್ತದೆ.

ಎರಡನೇ ವಾರ ಅದೇ ವೈನ್, ನಿಂಬೆಹಣ್ಣಿನ ಚಿತ್ರಾನ್ನ. ಎರಡು ತುತ್ತು ತಿಂದು ಒಂದು ಗುಟುಕು ಕುಡಿದ ಭಾವ, "ಏನಪ್ಪಾ, ನೀರು ನೀರಾಗಿದೆಯಲ್ಲ" ಅಂದರು. ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ಸಪ್ಪೆಯಾಗುತ್ತದೆ. ಅಕ್ಕ ಇನ್ನಷ್ಟು ಅನ್ನ ಕಲಸಿ, ಕಾಯಿತುರಿ ಉದುರಿಸಿದಳು. ಅದೇ ಬಾಟಲಿಗೆ ಜೀವ ಬಂತು! ನಾನು ಬೇರೆ ವೈನ್ ಹುಡುಕಬೇಕು ಅಂದುಕೊಂಡಿದ್ದೆ, ಬದಲಾಗಬೇಕಾಗಿದ್ದದ್ದು ನಿಂಬೆಯ ಅಳತೆ. ಕೋಸಂಬರಿಗೂ ಈಗ ಅರ್ಧ ಹೋಳೇ ಹಿಂಡುತ್ತೇವೆ.

ಮೂರನೇ ವಾರ ಖಾರದ ಬಂಗುಡೆ ಫ್ರೈ. ಮೆಣಸಿನ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ, ಸಿಹಿ ಇಳಿಸುತ್ತದೆ. ಅದಕ್ಕೇ ಸ್ವಲ್ಪ ಸಿಹಿ ಉಳಿದಿರುವ ಶೆನಿನ್ ಬ್ಲಾಂ ಒಯ್ದಿದ್ದೆ. ಮೀನು ಖಾಲಿಯಾಗುವ ಮೊದಲೇ ಬಾಟಲಿ ಖಾಲಿ.

ತಣ್ಣಗಿಡುವುದೇ ದೊಡ್ಡ ಕೆಲಸ. ಮೊದಲ ಸಲ ಕಾರಿನ ಡಿಕ್ಕಿಯಲ್ಲಿ ವೈನ್ ಬೆಚ್ಚಗಾಗಿತ್ತು, ಬರೀ ಐಸ್ ಮೇಲಿಟ್ಟು ಬಹಳ ಹೊತ್ತು ಕಾದೆವು. ಈಗ ಬಕೆಟ್ಟಿಗೆ ಐಸ್, ನೀರು, ಒಂದು ಹಿಡಿ ಕಲ್ಲುಪ್ಪು. ನೀರು ಬಾಟಲಿಯನ್ನು ಸುತ್ತಲೂ ಮುಟ್ಟುತ್ತದೆ, ಉಪ್ಪಿನಿಂದ ಅದು ಸೊನ್ನೆ ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಇಪ್ಪತ್ತು ನಿಮಿಷ ಸಾಕು. 8ರಿಂದ 10 ಡಿಗ್ರಿ ಇದ್ದರೆ ಸರಿ, ಇನ್ನೂ ತಣ್ಣಗಾದರೆ ಘಮ ಅಡಗಿಹೋಗುತ್ತದೆ.

ಮುಂದಿನ ಭಾನುವಾರ ಮಾವಿನಕಾಯಿ ಚಿತ್ರಾನ್ನ. ಹುಳಿ ಕಡಿಮೆ ಇರಲಿ ಅಂತ ಅಕ್ಕ ತೋತಾಪುರಿ ಕಾಯಿಗಳನ್ನು ಆಗಲೇ ಎತ್ತಿಟ್ಟಿದ್ದಾಳೆ.