ಒಂದೇ ಸೀಸನ್ನಲ್ಲಿ 59 ಗೆಲುವಾ? ಹೆಂಗೆ ಸಾಧ್ಯ ಅಂತ ಕೇಳೋರಿಗೆ

ನಾನಿರೋದು ಇಲಿನಾಯ್ಸ್‌ನ ಬ್ಲೂಮಿಂಗ್ಟನ್‌ನಲ್ಲಿ. ಐಟಿ ಕೆಲಸಕ್ಕೆ ಬಂದ ನಮ್ಮ ಕಡೆಯೋರು ಇಲ್ಲಿ ಸುಮಾರು ಜನ ಇದ್ದೀವಿ, ಎಲ್ಲರಿಗೂ ಕ್ರಿಕೆಟ್ ಹುಚ್ಚು. ಮಾತು ಬೇಸ್‌ಬಾಲ್ ಕಡೆ ತಿರುಗಿದ್ರೆ ನಾನು ಇದೇ ಊರಲ್ಲಿ ಬೆಳೆದ ಚಾರ್ಲ್ಸ್ ರಾಡ್‌ಬರ್ನ್ ಹೆಸರು ತೆಗೀತೀನಿ, 'ಓಲ್ಡ್ ಹಾಸ್' ಅಂತ ಅಡ್ಡಹೆಸರು. 1884ರಲ್ಲಿ ಪ್ರಾವಿಡೆನ್ಸ್ ಗ್ರೇಸ್ ಟೀಮಿಗೆ 59 ಮ್ಯಾಚ್ ಗೆದ್ದುಕೊಟ್ಟ ಪಿಚರ್ (ಬ್ಯಾಟರ್‌ಗೆ ಬಾಲ್ ಎಸೆಯೋನು, ಟೀಮ್ ಗೆದ್ರೆ ಆ ಗೆಲುವನ್ನ ಒಬ್ಬ ಪಿಚರ್ ಖಾತೆಗೆ ಬರೀತಾರೆ). ತಕ್ಷಣ ಶುರು: "ಸುಮ್ನಿರು ಮಾರಾಯ, ಈಗಿನೋರು 20 ಗೆದ್ರೇ ದೊಡ್ಡದು ಅಂತೀಯ, ಆಗಿನೋರು ಅಷ್ಟು ಗಟ್ಟಿ ಇದ್ರಾ, ಇಲ್ಲ ಆಟನೇ ಸುಲಭ ಇತ್ತಾ?"

ಎರಡೂ ಸ್ವಲ್ಪ ಸ್ವಲ್ಪ ನಿಜ, ಆದ್ರೆ ನನ್ನ ಪ್ರಕಾರ ಅಸಲಿ ಕಾರಣ ಕಾಂಟ್ರಾಕ್ಟು.

ಮೊದಲು ಆಟದ ವಿಷಯ ಮುಗಿಸಿಬಿಡ್ತೀನಿ. ಆಗ ಪಿಚರ್ ಎಸೀತಿದ್ದದ್ದು 50 ಅಡಿಯಿಂದ, ಈಗಿನ 60 ಅಡಿ 6 ಇಂಚು ಬಂದದ್ದು 1893ರಲ್ಲಿ. ಎತ್ತರದ ದಿಬ್ಬ ಇರ್ಲಿಲ್ಲ, ನೆಲದ ಮೇಲೆ ಗೆರೆ ಎಳೆದ ಒಂದು ಚೌಕ, ಅದರೊಳಗೆ ಎರಡು ಹೆಜ್ಜೆ ಹಾಕಿ ಎಸೀಬಹುದಿತ್ತು. ಕೈ ಭುಜದ ಮೇಲೆ ಎತ್ತಿ ಎಸೆಯೋಕೆ ಪ್ರಾವಿಡೆನ್ಸ್ ಆಡ್ತಿದ್ದ ನ್ಯಾಷನಲ್ ಲೀಗ್ ಬಿಟ್ಟಿದ್ದೇ ಆ 1884ರಲ್ಲಿ. ಬ್ಯಾಟರ್ ನಿಂತ್ಕೊಂಡು ನಂಗೆ ಮೇಲೆ ಬೇಕು, ಕೆಳಗೆ ಬೇಕು ಅಂತ ಕೇಳೋ ಹಕ್ಕಿತ್ತು (ಹೋಟೆಲ್ಲಲ್ಲಿ ಆರ್ಡರ್ ಕೊಟ್ಟಂಗೆ), ಆದ್ರೆ ಬಾಲ್ ಅವನ ಮೈಗೆ ಬಡಿದ್ರೆ ಈಗಿನ ಹಾಗೆ ಪುಕ್ಕಟೆ ಮೊದಲ ಬೇಸಿಗೆ ಹೋಗೋ ಹಾಗಿರ್ಲಿಲ್ಲ, ನೋವು ನುಂಗ್ಕೊಂಡು ಮತ್ತೆ ಆಡ್ಬೇಕು ಅಷ್ಟೇ. ಇನ್ನೊಂದು, ಟೀಮಲ್ಲಿ ಪಿಚರ್‌ಗಳು ಇರ್ತಿದ್ದದ್ದೇ ಒಬ್ರೋ ಇಬ್ರೋ, ಶುರು ಮಾಡಿದೋನೇ ಮುಗಿಸಬೇಕು. ಕ್ರಿಕೆಟ್ ನೋಡೋರಿಗೆ ಇದರ ಭಾರ ಥಟ್ಟನೆ ಗೊತ್ತಾಗಲ್ಲ, ಇಲ್ಲಿ ಓವರ್ ಬದಲಾಗಲ್ಲ, ಆ ಕಡೆಯ ಪ್ರತಿಯೊಬ್ಬನಿಗೂ ಪ್ರತಿ ಬಾಲೂ ನೀನೇ ಎಸೀಬೇಕು.

ಸರಿ, ಆ ವರ್ಷ ಪ್ರಾವಿಡೆನ್ಸಲ್ಲಿ ಇಬ್ರು ಇದ್ರು, ರಾಡ್‌ಬರ್ನ್ ಮತ್ತು ಚಾರ್ಲಿ ಸ್ವೀನಿ ಅನ್ನೋ ಚಿಕ್ಕ ಹುಡುಗ. ಜೂನ್ 7ಕ್ಕೆ ಸ್ವೀನಿ ಬೋಸ್ಟನ್ ಮೇಲೆ ಒಂದೇ ಮ್ಯಾಚಲ್ಲಿ 19 ಸಲ ಬ್ಯಾಟರ್‌ಗಳನ್ನ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟ್) ಮಾಡಿ ಹೀರೋ ಆಗ್ಬಿಟ್ಟ, ರಾಡ್‌ಬರ್ನ್‌ಗೆ ಹೊಟ್ಟೆ ಉರಿ. ಮನುಷ್ಯ ಮೊದಲೇ ಸಿಡುಕ, ಕುಡಿತ ಬೇರೆ. ಜುಲೈ 16ಕ್ಕೆ ಬೋಸ್ಟನ್ ಜೊತೆ ಮ್ಯಾಚಲ್ಲಿ ಅಂಪೈರ್ ಮೇಲೆ ರೇಗಿ ಹುಚ್ಚಾಪಟ್ಟೆ ಎಸೆದು ಮ್ಯಾಚ್ ಕಳೆದ, ಕ್ಲಬ್ಬು ಸಸ್ಪೆಂಡ್ ಮಾಡ್ತು. ಅವನ ಗ್ರಹಚಾರ ಚೆನ್ನಾಗಿತ್ತು ಅನ್ಸುತ್ತೆ, ಒಂದೇ ವಾರದಲ್ಲಿ ಜುಲೈ 22ಕ್ಕೆ ಸ್ವೀನಿ ಕುಡಿದು ಗ್ರೌಂಡಿಗೆ ಬಂದ, ಮ್ಯಾನೇಜರ್ ಫ್ರಾಂಕ್ ಬ್ಯಾಂಕ್ರಾಫ್ಟ್ ಇನ್ನೊಬ್ಬನಿಗೆ ಎಸೆಯೋಕೆ ಬಿಡು ಅಂದಿದ್ದಕ್ಕೆ ಬೈದು ಮ್ಯಾಚ್ ಮಧ್ಯೆನೇ ಹೊರಟುಹೋದ. ಬದಲಿ ಆಟಗಾರ ಅನ್ನೋ ಸೌಲಭ್ಯ ಇಲ್ಲ, ಒಂಬತ್ತರ ಬದಲು ಎಂಟೇ ಜನ ಆಡಿ ಗೆಲ್ಲೋ ಮ್ಯಾಚ್ ಸೋತ್ರು. ಕ್ಲಬ್ ಸ್ವೀನಿನ ಕಿತ್ತಾಕ್ತು, ಅವನು ಸೇಂಟ್ ಲೂಯಿಸ್‌ಗೆ ಹೋಗಿ ಬೇರೆ ಲೀಗ್ ಸೇರ್ಕೊಂಡ.

ಈಗ ಕ್ಲಬ್ಬು ರಾಡ್‌ಬರ್ನ್ ಮನೆ ಬಾಗಿಲಿಗೆ ಬರಲೇಬೇಕಾಯ್ತು. ಆಗ ರಿಸರ್ವ್ ಕ್ಲಾಜ್ ಅಂತ ಒಂದು ಕಟ್ಟು ಇತ್ತು, ಕ್ಲಬ್ಬು ನಿನ್ನ ಹೆಸರು ಪಟ್ಟಿಲಿ ಇಟ್ಕೊಂಡ್ರೆ ಮುಂದಿನ ವರ್ಷವೂ ನೀನು ಅವರಿಗೇ ಆಡ್ಬೇಕು, ಬೇರೆ ಕಡೆ ಎರಡರಷ್ಟು ಸಂಬಳ ಸಿಕ್ರೂ ಹೋಗೋ ಹಾಗಿಲ್ಲ. ಅವನು ಹೇಳಿದ್ದು ಇಷ್ಟೇ, ಸಂಬಳ ಜಾಸ್ತಿ ಕೊಡಿ, ಸೀಸನ್ ಮುಗಿದ್ಮೇಲೆ ಈ ಕಟ್ಟು ಬಿಚ್ಚಿ, ಉಳಿದ ಮ್ಯಾಚೆಲ್ಲ ನಾನೇ ಎಸೀತೀನಿ. ಎಸೆದ ಕೂಡ! ಲೀಗ್ ಗೆಲುವು ಖಾತ್ರಿ ಆಗೋವರೆಗಿನ 43ರಲ್ಲಿ 40 ಮ್ಯಾಚು ಅವನೇ ಶುರು ಮಾಡಿದ, ಸಾಲಾಗಿ 18 ಗೆದ್ದ. ಇಡೀ ಸೀಸನ್ನಲ್ಲಿ 73 ಮ್ಯಾಚ್ ಶುರು ಮಾಡಿ 73ನ್ನೂ ಮುಗಿಸಿದ, 678 ಇನಿಂಗ್ಸ್ ಚಿಲ್ಲರೆ (ಬೇಸ್‌ಬಾಲಲ್ಲಿ ಒಂದು ಮ್ಯಾಚಿಗೆ ಸಾಮಾನ್ಯವಾಗಿ ಒಂಬತ್ತು ಇನಿಂಗ್ಸ್). ಈಗ 200 ಇನಿಂಗ್ಸ್ ಎಸೆದೋನನ್ನೇ ಕುದುರೆ ಅಂತ ಹೊಗಳ್ತಾರೆ.

ಗಟ್ಟಿ ಮೈ ಅನ್ನೋರು ಇದನ್ನ ಓದ್ಬೇಕು. ಬ್ಯಾಂಕ್ರಾಫ್ಟ್ ಆಮೇಲೆ ನೆನಪಿಸ್ಕೊಂಡ ಪ್ರಕಾರ ಬೆಳಿಗ್ಗೆ ಎದ್ರೆ ಅವನಿಗೆ ತಲೆ ಬಾಚೋಕೂ ಕೈ ಮೇಲೆ ಬರ್ತಿರ್ಲಿಲ್ಲ. ಎಲ್ಲರಿಗಿಂತ ಗಂಟೆಗಟ್ಟಲೆ ಮುಂಚೆ ಗ್ರೌಂಡಿಗೆ ಹೋಗಿ, ಮೊದಲು ನಾಲ್ಕಡಿ ದೂರಕ್ಕೆ ಮೆಲ್ಲಗೆ ಎಸೆಯೋದು, ಆಮೇಲೆ ಇನ್ನೊಂಚೂರು ದೂರ, ಹೀಗೆ ಹಿಂದೆ ಹಿಂದೆ ಹೋಗ್ತಾ ಕೊನೆಗೆ ಔಟ್‌ಫೀಲ್ಡಿಂದ ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟಿಗೆ ತಲುಪೋವರೆಗೂ. ಆಮೇಲೆ ಮ್ಯಾಚು. ಇದು ಗಟ್ಟಿ ಮೈನ ಲಕ್ಷಣನಾ ನೀವೇ ಹೇಳಿ, ನಂಗಂತೂ ಬಿಡುಗಡೆ ಪತ್ರಕ್ಕೋಸ್ಕರ ಮೈ ಸವೆಸಿದ ಹಾಗೆ ಕಾಣುತ್ತೆ.

ಪ್ರಾವಿಡೆನ್ಸ್ ಲೀಗ್ ಗೆಲ್ತು, ಅಕ್ಟೋಬರಲ್ಲಿ ಇನ್ನೊಂದು ಲೀಗ್ ಗೆದ್ದಿದ್ದ ನ್ಯೂಯಾರ್ಕ್ ಮೆಟ್ರೋಪಾಲಿಟನ್ಸ್ ಮೇಲೆ ಮೂರು ಮ್ಯಾಚ್ ಸರಣಿ ಆಡ್ತು, ಮೂರನ್ನೂ ಎಸೆದು ಗೆದ್ದದ್ದು ಅವನೇ. ಮಜಾ ಏನಂದ್ರೆ ಅಷ್ಟು ಕಷ್ಟಪಟ್ಟು ಕಟ್ಟು ಬಿಚ್ಚಿಸ್ಕೊಂಡೋನು ಒಳ್ಳೆ ಸಂಬಳಕ್ಕೆ ಮತ್ತೆ ಪ್ರಾವಿಡೆನ್ಸಿಗೇ ಸೈನ್ ಮಾಡಿದ. 1885 ಮುಗಿಯೋಷ್ಟರಲ್ಲಿ ಕ್ಲಬ್ಬೇ ಮುಚ್ಚಿಹೋಯ್ತು. ಆಮೇಲೆ ಬೋಸ್ಟನ್, 1890ರಲ್ಲಿ ಆಟಗಾರರೇ ದಂಗೆ ಎದ್ದು ಕಟ್ಟಿದ ಪ್ಲೇಯರ್ಸ್ ಲೀಗು, 1891ರಲ್ಲಿ ಸಿನ್ಸಿನಾಟಿಲಿ ಕೊನೆ. ಆಮೇಲೆ ಯಾವತ್ತೂ 59ರ ಹತ್ರ ಸುಳೀಲಿಲ್ಲ, ತೋಳು ಆ ಬೇಸಿಗೆಲೇ ಅರ್ಧ ಹೋಗಿತ್ತು. 1886ರ ಬೋಸ್ಟನ್ ಗ್ರೂಪ್ ಫೋಟೋದಲ್ಲಿ ಕ್ಯಾಮೆರಾಗೆ ನಡುಬೆರಳು ತೋರಿಸ್ಕೊಂಡು ನಿಂತಿದ್ದಾನೆ, ಆಸಾಮಿ ಎಂಥೋನು ಅಂತ ತಿಳಿಯೋಕೆ ಆ ಫೋಟೋ ಸಾಕು.

ರಿಟೈರ್ ಆಗಿ ಬ್ಲೂಮಿಂಗ್ಟನ್‌ಗೆ ಬಂದು ಬಾರ್ ಮತ್ತು ಬಿಲಿಯರ್ಡ್ಸ್ ಇಟ್ಟ, ಬೇಟೆಗೆ ಹೋದಾಗ ಗುಂಡು ತಾಗಿ ಒಂದು ಕಣ್ಣು ಹೋಯ್ತು, 1897ರಲ್ಲಿ 42ನೇ ವಯಸ್ಸಿಗೆ ತೀರಿಕೊಂಡ. ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 1939ರಲ್ಲಿ.

ಮುಂದಿನ ಪ್ರಶ್ನೆ ಗೊತ್ತು, ಯಾರಾದ್ರೂ ಮುರೀತಾರಾ? ಇಲ್ಲ. ಈಗ ಒಬ್ಬ ಪಿಚರ್ ವರ್ಷಕ್ಕೆ ಶುರು ಮಾಡೋದೇ ಹೆಚ್ಚೂಕಮ್ಮಿ 33 ಮ್ಯಾಚು, 30 ದಾಟಿದ ಕೊನೆಯವನು 1968ರಲ್ಲಿ 31 ಗೆದ್ದ ಡೆನ್ನಿ ಮೆಕ್ಲೇನ್.

ಇನ್ನು 59 ಅಲ್ಲ 60 ಅಂತ ಜಗಳಕ್ಕೆ ಬರೋರಿಗೆ: ಆ ಒಂದು ಮ್ಯಾಚು ಜುಲೈ 28ರದ್ದು, ಅದೇ ಟೀಮಿನ ಸೈಕ್ಲೋನ್ ಮಿಲ್ಲರ್ ಐದು ಇನಿಂಗ್ಸ್ ಎಸೆದು ಲೀಡ್ ಕೊಟ್ಟು ಹೋದ್ಮೇಲೆ ಉಳಿದ ನಾಲ್ಕು ರಾಡ್‌ಬರ್ನ್ ಎಸೆದ. ಆಗಿನ ಸ್ಕೋರರ್ ಗೆಲುವನ್ನ ಇವನ ಖಾತೆಗೆ ಬರೆದ, ಈಗಿನ ರೂಲ್ ಪ್ರಕಾರ ಅದು ಮಿಲ್ಲರ್‌ದು. ಪಾಪ, ಅದೊಂದನ್ನ ಮಿಲ್ಲರ್‌ಗೆ ಬಿಟ್ಟುಕೊಡ್ರಪ್ಪ, ಇವನಿಗೇನು ಕಮ್ಮಿ ಆಗಿತ್ತು.