ಲಘು, ಗುರು ಮತ್ತು ಮಾಟುಂಗಾದ ಮೆಟ್ಟಿಲುಗಳು

ಮುಂಬಯಿಯ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮವೊಂದನ್ನು ನೋಡಿಕೊಂಡು ಮನೆಗೆ ಹೊರಟಿದ್ದೆವು. ಮಾಟುಂಗಾ ಸ್ಟೇಷನ್ನಿನ ಸೇತುವೆಯನ್ನು ಒಮ್ಮೆ ಒಂದು, ಒಮ್ಮೆ ಎರಡು ಮೆಟ್ಟಿಲು ದಾಟುತ್ತ ಹತ್ತಿದ ತಂಗಿಯ ಮಗಳು ಮೇಲಿನಿಂದಲೇ, "ದೊಡ್ಡಮ್ಮಾ, ಹೀಗೆ ಎಷ್ಟು ಥರ ಹತ್ತಬಹುದು?" ಎಂದು ಕೂಗಿದಳು. ನಾನು ಛಂದಸ್ಸಿನಿಂದ ಉತ್ತರಿಸಿದೆ. ಈ ಪ್ರಶ್ನೆಯನ್ನು ನಮ್ಮ ಹಿಂದಿನವರು ಬಿಡಿಸಿದ್ದು ಪದ್ಯದ ಪಾದಗಳನ್ನು ಅಳೆಯುವಾಗ.

ಉಚ್ಚಾರಣೆಯ ಕಾಲವನ್ನು ಅಳೆಯುವ ಘಟಕ ಮಾತ್ರೆ. ಚುಟುಕಾಗಿ ನುಡಿಯುವ ಅಕ್ಷರವಾದ ಲಘುವಿಗೆ ಒಂದು ಮಾತ್ರೆ, ಎಳೆದು ಅಥವಾ ಒತ್ತಿ ನುಡಿಯುವ ಗುರುವಿಗೆ ಎರಡು. ಒಂದು ಮೆಟ್ಟಿಲಿನ ಹೆಜ್ಜೆಯೇ ಲಘು, ಎರಡರದು ಗುರು. ನಾಲ್ಕು ಮಾತ್ರೆಗಳನ್ನು ಐದು ಬಗೆಯಲ್ಲಿ ತುಂಬಬಹುದು: ಕಲರವ, ಬಾಲಕ, ರಮೇಶ, ಗಿರಿಜಾ, ಸೀತಾ. ಪಟ್ಟಿಯೇನೋ ಸರಿ, ಆದರೆ ಆರನೆಯದೊಂದು ತಪ್ಪಿಸಿಕೊಂಡಿಲ್ಲವೆಂದು ನಂಬುವುದು ಹೇಗೆ? ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತು ಕಾರ್ಯಕ್ರಮದ ಕರೆಯೋಲೆಯ ಹಿಂಬದಿಯಲ್ಲಿ ಈ ಐದನ್ನೂ ಬರೆದು, ಪ್ರತಿಯೊಂದರ ಕೊನೆಯ ಅಕ್ಷರವನ್ನು ಬೆರಳಿನಿಂದ ಮುಚ್ಚುವಂತೆ ಅವಳಿಗೆ ಹೇಳಿದೆ. ಲಘುವಿನಲ್ಲಿ ಮುಗಿಯುವ ಮೊದಲ ಮೂರರಲ್ಲಿ ಕಲರ, ಬಾಲ, ರಮೇ ಉಳಿದವು. ಮೂರು ಮಾತ್ರೆಗಳಿಗೆ ಇರುವ ಬಗೆಗಳು ಇವಿಷ್ಟೇ. ಗುರುವಿನಲ್ಲಿ ಮುಗಿಯುವ ಎರಡರಲ್ಲಿ ಗಿರಿ, ಸೀ ಉಳಿದವು. ಎರಡು ಮಾತ್ರೆಗಳಿಗೆ ಇರುವುದೂ ಇವೆರಡೇ. ಕೊನೆಯ ಅಕ್ಷರ ಲಘು ಅಥವಾ ಗುರು ಆಗಲೇಬೇಕಾದ್ದರಿಂದ ಎಷ್ಟೇ ಮಾತ್ರೆಗಳಿದ್ದರೂ ಅದರ ಹಿಂದಿನ ಎರಡು ಲೆಕ್ಕಗಳನ್ನು ಕೂಡಿಸಿದರೆ ಸಾಕು: 1, 2, 3, 5, 8, 13, 21, 34. ಇಪ್ಪತ್ತು ಮೆಟ್ಟಿಲುಗಳಿಗೆ 10,946 ಬಗೆಗಳಾಗುತ್ತವೆ. ಅವುಗಳಲ್ಲಿ ಒಂದನ್ನೂ ಬರೆದು ನೋಡದೆ ಇಷ್ಟು ಖಚಿತವಾಗಿ ಹೇಳಬಹುದೆಂಬುದು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಇಟಲಿಯ ಫಿಬೊನಾಚ್ಚಿ 1202ರಲ್ಲಿ ಮೊಲಗಳ ಲೆಕ್ಕದಿಂದ ಈ ಸಾಲನ್ನು ಬರೆಯುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಗುಜರಾತಿನ ಜೈನ ಪಂಡಿತ ಹೇಮಚಂದ್ರನೂ, ಅವನಿಗೂ ಶತಮಾನಗಳ ಹಿಂದೆ ಛಂದಶ್ಶಾಸ್ತ್ರಕಾರ ವಿರಹಾಂಕನೂ ಮಾತ್ರಾವೃತ್ತಗಳನ್ನು ಎಣಿಸುತ್ತ ಈ ನಿಯಮವನ್ನು ಹೇಳಿದ್ದರು.

ಕನ್ನಡದ ಕವಿಗಾದರೋ ಇಷ್ಟು ಸ್ವಾತಂತ್ರ್ಯವಿಲ್ಲ. ಭಾಮಿನಿ ಷಟ್ಪದಿಯ ಮೊದಲ ಸಾಲಿನ ಹದಿನಾಲ್ಕು ಮಾತ್ರೆಗಳಿಗೆ ಒಟ್ಟು 610 ಬಗೆಗಳಿದ್ದರೂ, ಅವು ಮೂರು ನಾಲ್ಕು, ಮೂರು ನಾಲ್ಕು ಎಂದು ಒಡೆಯಬೇಕು, ಯಾವ ಗಣವೂ (ಹಾಗೆ ಒಡೆದ ಗುಂಪೂ) ಲಘುವಿನ ಬೆನ್ನಿಗೆ ಗುರುವಿಟ್ಟು ಆರಂಭವಾಗಬಾರದು ಎಂಬ ನಿಯಮಗಳಿಂದ ಮೂರಕ್ಕೆ ಎರಡು, ನಾಲ್ಕಕ್ಕೆ ನಾಲ್ಕು ಬಗೆಗಳು ಮಾತ್ರ ಉಳಿದು, ಗುಣಿಸಿದಾಗ 64 ಆಗುತ್ತದೆ.

"ಮೂರು ಮೆಟ್ಟಿಲು ಹಾರಿದರೆ?" ಎಂದಳು. ಅದಕ್ಕೂ ಅಕ್ಷರವಿದೆ. ಅವಳು ಮೇಲಿನಿಂದ "ದೊಡ್ಡಮ್ಮಾ" ಎಂದು ಎಳೆದು ಕೂಗಿದಾಗ ಕೊನೆಯಲ್ಲಿ ಕೇಳಿಸಿದ ಸ್ವರಕ್ಕೆ ವ್ಯಾಕರಣದಲ್ಲಿ ಪ್ಲುತವೆಂದು ಹೆಸರು. ಅದಕ್ಕೆ ಮೂರು ಮಾತ್ರೆ. ಹಿಂದಿನ ಎರಡರ ಬದಲು ಮೂರು ಲೆಕ್ಕಗಳನ್ನು ಕೂಡಿಸಬೇಕು ಎಂಬುದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಗಾಡಿ ಬರುವಷ್ಟರಲ್ಲಿ 1, 2, 4, 7, 13 ಎಂದು ಅವಳೇ ಬರೆದಿದ್ದಳು.